ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಹಾಕಿಸಲಾ? ಮೊದಲು ಖಾಲಿ ಕೇಸ್ ಎಲ್ಲಿ ಬೀಳುತ್ತಿದೆ ಹೇಳಿ

ಎಆರ್-15 ಮಾದರಿಯ ರೈಫಲನ್ನು ತಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಲು ಹೊರಟವರು ನನ್ನ ಮೇಜಿನ ಮುಂದೆ ಕೂತು ಕೇಳುವುದು ಇದನ್ನೇ: ಅಡ್ಜಸ್ಟಬಲ್ ಗ್ಯಾಸ್ ಬ್ಲಾಕ್ ಹಾಕಿಸಲಾ? ಬ್ಯಾರೆಲ್‌ನಿಂದ ಹಿಂದಕ್ಕೆ ಬರುವ ಗ್ಯಾಸನ್ನು ಸ್ಕ್ರೂ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ಭಾಗ ಅದು. ನಾನು ತಿರುಗಿ ಕೇಳುತ್ತೇನೆ, ಗುಂಡು ಹಾರಿಸಿದ ಮೇಲೆ ಖಾಲಿ ಕೇಸ್ (ಗುಂಡಿನ ಲೋಹದ ಕವಚ) ಯಾವ ಕಡೆ ಹೋಗಿ ಬೀಳುತ್ತದೆ? ನೋಡಿಯೇ ಇಲ್ಲ ಅಂದರೆ ಆ ಭಾಗಕ್ಕೆ ದುಡ್ಡು ಹಾಕುವ ಹೊತ್ತು ಇನ್ನೂ ಬಂದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಗುಂಡು ಬ್ಯಾರೆಲ್ ಒಳಗೆ ಓಡುವಾಗ ಒಂದು ಸಣ್ಣ ತೂತನ್ನು ದಾಟಿ ಹೋಗುತ್ತದೆ. ಹಿಂದಿನಿಂದ ನುಗ್ಗಿ ಬರುವ ಗ್ಯಾಸ್‌ನಲ್ಲಿ ಒಂದು ಪಾಲು ಆ ತೂತಿನಿಂದ ಗ್ಯಾಸ್ ಬ್ಲಾಕ್‌ಗೆ ಹೊಕ್ಕು, ತೆಳು ಕೊಳವೆಯಲ್ಲಿ ಹಿಂದಕ್ಕೆ ಬಂದು, ಬೋಲ್ಟ್ ಕ್ಯಾರಿಯರನ್ನು ತಳ್ಳುತ್ತದೆ. ಬೋಲ್ಟ್ ಹೊತ್ತ ಆ ಲೋಹದ ತುಂಡು ಹಿಂದಕ್ಕೆ ಸರಿದಾಗಲೇ ಖಾಲಿ ಕೇಸ್ ಹೊರಬಿದ್ದು ಮುಂದಿನ ಗುಂಡು ಒಳಗೆ ಬರುವುದು. ಎಷ್ಟು ಗ್ಯಾಸ್ ಬರಬೇಕು ಅಂತ ತೀರ್ಮಾನಿಸುವುದು ಮುಖ್ಯವಾಗಿ ಆ ತೂತಿನ ಅಳತೆ. ನೀವು ಯಾವ ಗುಂಡು ಹಾಕುತ್ತೀರಿ, ಎಷ್ಟು ದಿನಕ್ಕೊಮ್ಮೆ ಒರೆಸುತ್ತೀರಿ ಅಂತ ಬ್ಯಾರೆಲ್ ಮಾಡುವವರಿಗೆ ಗೊತ್ತಿರುವುದಿಲ್ಲ ಅಲ್ವಾ? ಕಡಿಮೆ ಜೋರಿನ ಮೆದು ಗುಂಡಿಗೂ, ಚಳಿಗೂ, ಕೊಳೆಗೂ ಓಡಲಿ ಅಂತ ತೂತನ್ನು ಸ್ವಲ್ಪ ದೊಡ್ಡದೇ ಕೊರೆಯುತ್ತಾರೆ. ಕೆಲವರು ಸ್ವಲ್ಪ ಅಲ್ಲ, ಜಾಸ್ತಿಯೇ.

ಗ್ಯಾಸ್ ಜಾಸ್ತಿಯಾದರೆ ರೈಫಲ್ ಓಡುತ್ತದೆ, ಆದರೆ ಒರಟಾಗಿ. ಬೋಲ್ಟ್ ಬೇಗ ಬಿಚ್ಚಿಕೊಳ್ಳುತ್ತದೆ, ಕ್ಯಾರಿಯರ್ ಹಿಂದಿರುವ ತೂಕದ ತುಂಡು, ಅಂದರೆ ಬಫರ್, ಹಿಂದಕ್ಕೆ ಬಂದು ಧಡ್ ಅಂತ ಬಡಿಯುತ್ತದೆ, ಗುರಿ ಮೇಲಕ್ಕೆ ಎಗರುತ್ತದೆ. ಕೇಸಿನ ಅಂಚನ್ನು ಉಗುರಲ್ಲಿ ಸವರಿ ನೋಡಿ, ಕೇಸನ್ನು ಎಳೆದು ತೆಗೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಎಳೆದಾಡಿದ ಗಾಯ ಕೈಗೆ ಸಿಗುತ್ತದೆ. ರೈಫಲಿನ ಮೂತಿಯನ್ನು ಗಡಿಯಾರದ 12 ಅಂತ ಇಟ್ಟುಕೊಂಡರೆ ಕೇಸ್‌ಗಳು 3ರಿಂದ 4 ಗಂಟೆಯ ಕಡೆ ಬೀಳುವುದು ಒಳ್ಳೆಯ ಲಕ್ಷಣ. 1 ಗಂಟೆಯ ಕಡೆ ಹಾರಿದರೆ ಗ್ಯಾಸ್ ಜಾಸ್ತಿ, 5ರ ಕಡೆ ಸೋತು ಬಿದ್ದರೆ ಕಡಿಮೆ ಅನ್ನುವುದು ಅಂದಾಜು. ಅಂದಾಜು ಅಷ್ಟೇ, ಕೇಸನ್ನು ಹೊರಗೆಸೆಯುವ ಎಜೆಕ್ಟರ್ ಸ್ಪ್ರಿಂಗ್ ಹಳೆಯದಾಗಿದ್ದರೂ ಈ ಲೆಕ್ಕ ಕೆಡುತ್ತದೆ.

ಯಾರಿಗೆ ಬೇಕು? ಸಪ್ರೆಸರ್ (ಮೂತಿಗೆ ಹಾಕುವ, ಸದ್ದು ತಗ್ಗಿಸುವ ಕೊಳವೆ) ಹಾಕುವವರಿಗೆ ಖಂಡಿತ ಬೇಕು ಅಂತಲೇ ನಾನು ಹೇಳುವುದು. ಅದು ಗ್ಯಾಸನ್ನು ಮೂತಿಯಲ್ಲಿ ತಡೆದು ಹಿಡಿಯುವುದರಿಂದ ಒಳಗಿನ ಒತ್ತಡ ಜಾಸ್ತಿ ಹೊತ್ತು ನಿಲ್ಲುತ್ತದೆ, ಅದೇ ತೂತಿನಿಂದ ಹೆಚ್ಚು ಗ್ಯಾಸ್ ಹಿಂದಕ್ಕೆ ಬರುತ್ತದೆ, ಹತ್ತು ಗುಂಡು ಹಾರಿಸುವಷ್ಟರಲ್ಲಿ ಕಣ್ಣು ಉರಿಯುತ್ತದೆ. ಸ್ಪರ್ಧೆಗೆ ಅಂತ ಹಗುರ ಬೋಲ್ಟ್ ಕ್ಯಾರಿಯರ್ ಹಾಕಿ, ಒಂದೇ ಬಗೆಯ ಗುಂಡು ಬಳಸುವವರಿಗೂ ಲಾಭವಿದೆ. 16 ಇಂಚಿನ ಬ್ಯಾರೆಲ್, ಮಧ್ಯಮ ಉದ್ದದ (ಮಿಡ್ ಲೆಂತ್) ಗ್ಯಾಸ್ ಕೊಳವೆ, ತೂತು ಸರಿಯಾದ ಅಳತೆ, ಸಪ್ರೆಸರ್ ಇಲ್ಲ ಅನ್ನುವವರು ಸುಮ್ನೆ ಬಿಟ್ಟುಬಿಡಿ. ಸ್ವಲ್ಪ ಒರಟು ಅನ್ನಿಸಿದರೆ ಮೊದಲು ಬಫರ್ ಬದಲಿಸಿ. ಮಾಮೂಲಿ ಕಾರ್ಬೈನ್ ಬಫರ್ ಸುಮಾರು 85 ಗ್ರಾಂ, ಎಚ್2 ಅನ್ನುವ ಭಾರದ ಬಫರ್ ಸುಮಾರು 130 ಗ್ರಾಂ. ಎರಡು ನಿಮಿಷದ ಕೆಲಸ. ಆದರೆ ಭಾರದ ಬಫರ್ ಬೋಲ್ಟನ್ನು ನಿಧಾನ ಮಾಡುತ್ತದೆಯೇ ಹೊರತು ಹಿಂದಕ್ಕೆ ಬರುವ ಗ್ಯಾಸನ್ನು ಕಡಿಮೆ ಮಾಡುವುದಿಲ್ಲ. ಕಣ್ಣುರಿಗೆ ಅದು ಮದ್ದಲ್ಲ.

ಗ್ಯಾಸ್ ತಿದ್ದುವ ಯೋಚನೆ ಹೊಸದೇನಲ್ಲ. ಎಫ್‌ಎನ್ ಎಫ್‌ಎಎಲ್ ಅನ್ನುವ ಸೇನಾ ರೈಫಲಿಗೆ 1950ರ ದಶಕದಲ್ಲೇ ಗ್ಯಾಸ್ ರೆಗ್ಯುಲೇಟರ್ ಇತ್ತು. ಅದನ್ನು ಇಟ್ಟಿದ್ದು ಕೊಳೆ ಸೇರಿ ರೈಫಲ್ ಸೋತಾಗ ಸೈನಿಕ ಇನ್ನಷ್ಟು ಗ್ಯಾಸ್ ಕೊಟ್ಟು ಓಡಿಸಲಿ ಅಂತ. ನಾವೀಗ ಗ್ಯಾಸ್ ಬಿಗಿ ಮಾಡಲು ಬಳಸುತ್ತಿದ್ದೇವೆ. ತೊಂದರೆ ಶುರುವಾಗುವುದೂ ಅಲ್ಲೇ. ಬಿಸಿಲಲ್ಲಿ, ಒಳ್ಳೆಯ ಗುಂಡಿನಲ್ಲಿ, ಎಣ್ಣೆ ಹಾಕಿದ ರೈಫಲ್ ಬೆಣ್ಣೆಯ ಹಾಗೆ ಓಡುವಷ್ಟು ಬಿಗಿ ಮಾಡಿ ಖುಷಿಪಡುತ್ತಾರೆ. ಚಳಿ ಬಿದ್ದ ದಿನ ಬೋಲ್ಟ್ ಅರ್ಧಕ್ಕೇ ವಾಪಸ್.

ಒಬ್ಬರು ಇಂಥದೇ ದೂರು ಹೊತ್ತು ತಂದರು. ಹೊಸ ಬ್ಲಾಕ್, ಸ್ಕ್ರೂ ಪೂರ್ತಿ ತೆರೆದಿದೆ, ಆದರೂ ಬೋಲ್ಟ್ ಮುಂದಿನ ಗುಂಡನ್ನು ಎತ್ತಿಕೊಳ್ಳುತ್ತಿಲ್ಲ. ಎರಡು ಸ್ಪ್ರಿಂಗ್, ಮೂರು ಬಗೆಯ ಗುಂಡು ಬದಲಿಸಿ ನೋಡಿದ್ದರು. ನಾನು ಹ್ಯಾಂಡ್‌ಗಾರ್ಡ್ (ಬ್ಯಾರೆಲ್ ಸುತ್ತಲಿನ ಕೈಹಿಡಿ) ಬಿಚ್ಚಿ ಬ್ಲಾಕ್ ಜಾರಿಸಿ ತೆಗೆದೆ. ಬ್ಯಾರೆಲ್ ಮೇಲೆ ತೂತಿನ ಸುತ್ತ ಮಸಿಯ ಗುರುತು ದುಂಡಗಿರಬೇಕು. ಇಲ್ಲಿ ಪಾಡ್ಯದ ಚಂದ್ರನ ಹಾಗೆ ಒಂದು ಪಕ್ಕಕ್ಕೆ ಕೊಂಕಿತ್ತು. ಬ್ಲಾಕನ್ನು ಬ್ಯಾರೆಲಿನ ಮೆಟ್ಟಿಲಿಗೆ ತಾಗುವವರೆಗೆ ತಳ್ಳಿ ಬಿಗಿದಿದ್ದರು. ಆ ಬ್ಯಾರೆಲಿನಲ್ಲಿ ತೂತು ಕೊರೆದಿದ್ದು ಹಳೆಯ ಕಾಲದ ಹ್ಯಾಂಡ್‌ಗಾರ್ಡಿನ ತುದಿ ಹಿಡಿಯುವ ಕ್ಯಾಪಿನ ದಪ್ಪ ಬಿಟ್ಟು. ಕ್ಯಾಪ್ ಇಲ್ಲದಾಗ ಅಲ್ಲಿ ಮುಕ್ಕಾಲು ಮಿಲಿಮೀಟರ್‌ನಷ್ಟು ಸಂದು ಉಳಿಯಬೇಕು. ಸಂದು ಬಿಟ್ಟು ಕೂರಿಸಿದೆ, ಓಡಿತು. ಬೈಗುಳ ಅಷ್ಟೂ ಪಾಪದ ಸ್ಕ್ರೂ ತಿಂದಿತ್ತು!

ಹಾಕಿಸುವುದೇ ಆದರೆ ಎರಡು ಬಗೆ. ಒಂದು ದಾರಿಯನ್ನೇ ಕಿರಿದು ಮಾಡುತ್ತದೆ, ಇನ್ನೊಂದು ಹೆಚ್ಚಾದ ಗ್ಯಾಸನ್ನು ಹೊರಕ್ಕೆ ಬಿಡುತ್ತದೆ. ಮೊದಲನೆಯದು ಸರಳ, ಆದರೆ ಸ್ಕ್ರೂ ಮಸಿ ಹಿಡಿದು ಕಲ್ಲಾಗುತ್ತದೆ. ಒಮ್ಮೆ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಸಿದರೂ ಅಲುಗದೆ, ಕೊನೆಗೆ ಸ್ಕ್ರೂ ತಲೆಯೇ ಸವೆದು ಕೂತಿದ್ದು ನೋಡಿದ್ದೇನೆ. ಕ್ಲಿಕ್ ಕೊಡುವ ಬಗೆಯನ್ನೇ ಆರಿಸಿ. ಸುಮ್ನೆ ತಿರುಗುವ ಸ್ಕ್ರೂ ಅದುರಿ ಅದುರಿ ತಾನೇ ಸರಿದುಬಿಡುತ್ತದೆ. ಮಾಮೂಲಿ ಥ್ರೆಡ್‌ಲಾಕರ್ ಅಂಟು ಹಚ್ಚಿದರೆ ಅಲ್ಲಿನ ಕಾವಿಗೆ ಬೆಂದು ಪುಡಿಯಾಗುತ್ತದೆ. ಬ್ಲಾಕ್ ಜರುಗದಂತೆ ಬ್ಯಾರೆಲ್ ಅಡಿಯಲ್ಲಿ ಸ್ಕ್ರೂ ಮೊನೆ ಕೂರುವಷ್ಟು ಒಂದು ಗುಳಿ ಹೊಡೆಸಿ.

ಹೊಂದಿಸುವಾಗ ನೀವು ಬಳಸುವುದರಲ್ಲೇ ಅತಿ ಮೆದು ಗುಂಡು ತನ್ನಿ. ಸ್ಕ್ರೂ ಪೂರ್ತಿ ಮುಚ್ಚಿ, ಮ್ಯಾಗಜೀನಿಗೆ ಒಂದೇ ಗುಂಡು ಹಾಕಿ ಹಾರಿಸಿ. ಮ್ಯಾಗಜೀನ್ ಖಾಲಿಯಾದಾಗ ಬೋಲ್ಟ್ ಹಿಂದೆಯೇ ಸಿಕ್ಕಿ ನಿಲ್ಲಬೇಕು. ನಿಲ್ಲಲಿಲ್ಲವಾ, ಒಂದು ಕ್ಲಿಕ್ ತೆರೆಯಿರಿ. ಹೀಗೇ ಬೋಲ್ಟ್ ಹಿಂದಕ್ಕೆ ಬಂದು ನಿಲ್ಲುವವರೆಗೆ. ಐದಾರು ಸಲ ತಪ್ಪದೆ ನಿಂತರೆ ಮೇಲೆ ಇನ್ನೆರಡು ಕ್ಲಿಕ್ ಕೊಡಿ, ಅದು ಚಳಿಗೂ ಕೊಳೆಗೂ ಇಟ್ಟ ಮೀಸಲು. ಪ್ರತಿ ಸಲ ಸ್ಕ್ರೂ ಮುಟ್ಟುವ ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ. ಸಪ್ರೆಸರ್ ಇದ್ದಾಗ ಬೇರೆ, ಇಲ್ಲದಾಗ ಬೇರೆ ಎಣಿಕೆ ಬರುತ್ತದೆ. ಎರಡನ್ನೂ ಒಂದು ಚೂರು ಟೇಪಿನ ಮೇಲೆ ಬರೆದು ಹ್ಯಾಂಡ್‌ಗಾರ್ಡಿಗೆ ಅಲ್ಲ, ಹೆಗಲಿಗೆ ಒತ್ತುವ ಹಿಂಬದಿಯ ಬಟ್‌ಗೆ ಅಂಟಿಸಿ. ಹ್ಯಾಂಡ್‌ಗಾರ್ಡಿನ ಬಿಸಿಗೆ ಟೇಪು ಸುಲಿದು ಹೋಗುತ್ತದೆ.