ಹದಿನೆಂಟರ ಹುಡುಗನಿಗೆ ತಾಯತ ಯಾಕೆ?

ವಯಸ್ಸಿಗೆ ಬಂದ ಮಕ್ಕಳು ಸ್ವಲ್ಪ ಹುಚ್ಚಾಟ ಆಡಿದರೆ ಸಾಕು, ಶನಿ ಕಾಟ ಅಂತ ಶಾಸ್ತ್ರ ಕೇಳಲು ಓಡುತ್ತೇವೆ. ಇದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿರುವ ಮನೆಯ ಹುಡುಗನೊಬ್ಬ ನನಗೆ ಗೊತ್ತು. ಸೆಕೆಂಡ್ ಪಿಯು ಮುಗಿಸಿದ್ದಾನೆ, ಲೈಸೆನ್ಸ್ ಈಗಷ್ಟೇ ಬಂದಿದೆ. ಭತ್ತದ ಚೀಲ ಎಷ್ಟು ಬಂತು, ಯಾರ ಬಾಕಿ ಎಷ್ಟು ಅನ್ನುವ ಲೆಕ್ಕವೆಲ್ಲ ಅವನದೇ. ಒಂದು ರೂಪಾಯಿ ತಪ್ಪುವುದಿಲ್ಲ. ಸಂಜೆಯಾದರೆ ಗೆಳೆಯರನ್ನು ಹತ್ತಿಸಿಕೊಂಡು ಹದಡಿ ರಸ್ತೆಯಲ್ಲಿ ಬೈಕ್ ಹಾರಿಸುತ್ತಾನೆ. ತೋಳಿನಲ್ಲಿ ಕಪ್ಪು ದಾರದ ತಾಯತವಿದೆ.

ಒಂದೇ ತಲೆ ಎರಡು ಥರ ಯಾಕೆ ನಡೆದುಕೊಳ್ಳುತ್ತದೆ? ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಪದರ ಸುತ್ತಿಕೊಳ್ಳುತ್ತದೆ. ನಡುನಡುವೆ ಸಣ್ಣ ಸಂದಿ ಬಿಟ್ಟಿರುತ್ತದೆ. ಸಂದೇಶ ಆ ಸಂದಿಗಳಲ್ಲಷ್ಟೇ ಕಾಲೂರಿ ಜಿಗಿಯುತ್ತದೆ. ದಾವಣಗೆರೆಯಿಂದ ಹೊರಟ ಬಸ್ಸು ಊರೂರಿಗೂ ನಿಲ್ಲದೆ, ಭರಮಸಾಗರದಲ್ಲಿ ಮಾತ್ರ ನಿಂತು ಚಿತ್ರದುರ್ಗ ಸೇರಿದ ಹಾಗೆ. ಪದರ ಇಲ್ಲದ ತಂತುವಿಗಿಂತ ವೇಗ ಹತ್ತಾರು ಪಟ್ಟು ಜಾಸ್ತಿ. ಪದರ ಸುತ್ತುವ ಈ ಕೆಲಸ ಮಿದುಳಿನ ಹಿಂಭಾಗದಿಂದ ಮುಂದಕ್ಕೆ ಸಾಗುತ್ತದೆ. ಹಣೆಯ ಹಿಂದಿರುವ, ಆಸೆಗೆ ಲಗಾಮು ಹಾಕುವ ಭಾಗಕ್ಕೆ ಕೊನೆಯ ಸರದಿ. ಅದು ಪಕ್ವವಾಗಲು ಇಪ್ಪತ್ತು ದಾಟಿ ಇನ್ನೂ ಕೆಲವು ವರ್ಷ ಬೇಕು. ಖುಷಿಗೆ ಮಿಡಿಯುವ ಭಾಗ ಮಾತ್ರ ಹದಿಹರೆಯದಲ್ಲೇ ಭರ್ಜರಿಯಾಗಿ ಚುರುಕಾಗಿರುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಗೆಳೆಯರು ಪಕ್ಕದಲ್ಲಿದ್ದಾಗ 13–16ರ ಮಕ್ಕಳು ತುಂಬಾ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 18–22ರವರೂ ಹಾಗೇ, ಸ್ವಲ್ಪ ಕಮ್ಮಿ. 24 ದಾಟಿದವರ ಆಟ ಮಾತ್ರ ಬದಲಾಗಲಿಲ್ಲ.

ನಿಧಾನವಾಗಿ ಯೋಚಿಸಲು ಬಿಟ್ಟರೆ ಹದಿನಾರರವರೂ ದೊಡ್ಡವರ ಮಟ್ಟಕ್ಕೆ ಬರುತ್ತಾರೆ. ನಮ್ಮಲ್ಲಿ ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಯಾಗಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಸರಿಯಾದ ತೀರ್ಮಾನವೇ ಅದು. ಓಟು ಹಾಕುವುದು ತಿಂಗಳುಗಟ್ಟಲೆ ಯೋಚಿಸಿ ಮಾಡಬಹುದಾದ ಕೆಲಸ, ಅಲ್ವಾ?

ಬೈಕು ಹಾಗಲ್ಲ. ನ್ಯೂಜಿಲೆಂಡ್‌ನಲ್ಲಿ ಹೊಸದಾಗಿ ಗಾಡಿ ಕಲಿತವರು ಮೊದಮೊದಲು ಗೆಳೆಯರನ್ನು ಸುಮ್ನೆ ಕೂರಿಸಿಕೊಂಡು ಹೋಗುವಂತಿಲ್ಲ. ಇದೇ ನಿಯಮವನ್ನು ಮನೆಯಲ್ಲೂ ಮಾಡಬಹುದು: ಕೀ ಕೊಡಿ, ಒಂದು ವರ್ಷ ಹಿಂದಿನ ಸೀಟಿನಲ್ಲಿ ಗೆಳೆಯರು ಬೇಡ ಅನ್ನಿ. ಮುಂದೆ ಏನು ಓದುತ್ತೀಯ ಅಂತ ನೆಂಟರೆಲ್ಲ ಕೂತಿರುವಾಗ ಕೇಳಬೇಡಿ. ಅವನೊಬ್ಬನೇ ಇದ್ದಾಗ ಕೇಳಿ, ಉತ್ತರಕ್ಕೆ ನಾಲ್ಕು ದಿನ ಟೈಮ್ ಕೊಡಿ.