ಸ್ಟಿಕರ್ ನೋಡಿ ಲ್ಯಾಪ್‌ಟಾಪ್ ಕೊಳ್ಳಬೇಡಿ

"ಸಾರ್, ಐ5 ಸಾಕಾ, ಐ7 ಬೇಕಾ?" ಅಡ್ಮಿಷನ್ ಮುಗಿದ ಮೇಲೆ ಮೈಸೂರಿನ ನಮ್ಮ ಸರ್ವಿಸ್ ಅಂಗಡಿಗೆ ಬರುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ಇದನ್ನೇ. ಐ3, ಐ5, ಐ7 ಅಂದರೆ ಸ್ಟಿಕರ್ ಮೇಲೆ ಕಾಣುವ ಇಂಟೆಲ್ ಪ್ರೊಸೆಸರ್‌ನ, ಅಂದರೆ ಲ್ಯಾಪ್‌ಟಾಪ್ ಮೆದುಳಿನ, ದರ್ಜೆ. ಅದಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಇದೆ. ಮಕ್ಕಳು ಯಾವ ಕೋರ್ಸ್ ಸೇರಿದ್ದಾರೆ, ದಿನಾ ಎಲ್ಲಿಂದ ಓಡಾಡುತ್ತಾರೆ ಅನ್ನೋದು.

ಬಿ.ಕಾಂ, ಬಿ.ಎ. ಓದುವವರಿಗೆ ಟ್ಯಾಲಿ, ಎಕ್ಸೆಲ್, ನುಡಿ, ಬ್ರೌಸರ್ ಓಡಿದರೆ ಸಾಕು. ಈಚಿನ ಐ3 ಇದ್ದರೂ ಧಾರಾಳ. ಸಿವಿಲ್, ಮೆಕ್ಯಾನಿಕಲ್, ಆರ್ಕಿಟೆಕ್ಚರ್ ಸೇರಿದವರ ಕಥೆ ಬೇರೆ. ಕಟ್ಟಡ, ಯಂತ್ರಗಳ ವಿನ್ಯಾಸ ಮಾಡುವ ರೆವಿಟ್, ಸಾಲಿಡ್‌ವರ್ಕ್ಸ್ ಎರಡೂ ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್‌ಗಳು. ಅವರು ಆಸೆಪಟ್ಟು ವಿಂಡೋಸ್ ಇಲ್ಲದ ಆಪಲ್ ಮ್ಯಾಕ್‌ಬುಕ್ ತಗೊಂಡರೆ ಆಮೇಲೆ ಲ್ಯಾಬ್ ಕಂಪ್ಯೂಟರ್‌ಗೆ ಕಾಯಬೇಕಾಗುತ್ತದೆ.

ಪ್ರೊಸೆಸರ್ ವಿಷಯಕ್ಕೆ ಬಂದರೆ, ಪೂರ್ತಿ ನಂಬರ್ ಕೇಳಿ. ಐ5-1235ಯು ಅಂದರೆ 12ನೇ ಜನರೇಷನ್. ಕೊನೆಯ 'ಯು' ಅಂದರೆ ಕರೆಂಟ್ ಕಮ್ಮಿ ತಿನ್ನುವಂಥದ್ದು. 'ಎಚ್' ಇದ್ದರೆ ಜೋರಾಗಿ ಕೆಲಸ ಮಾಡುತ್ತದೆ, ಬಿಸಿಯೂ ಜಾಸ್ತಿ, ಬ್ಯಾಟರಿಯೂ ಬೇಗ ಖಾಲಿ. ಇಂಟೆಲ್‌ಗೆ ಪೈಪೋಟಿ ಕೊಡುವ ಎಎಂಡಿ ಕಂಪನಿಯ ಪ್ರೊಸೆಸರ್‌ಗಳಲ್ಲಿ ಇನ್ನೂ ಹುಷಾರಾಗಿರಬೇಕು. ರೈಜನ್ 5 7520ಯು ಅಂತ ಬರೆದಿದ್ದರೆ ಹೊಸದು ಅನ್ನಿಸುತ್ತದೆ ಅಲ್ವಾ? ಅದರ ಮೂರನೇ ಅಂಕಿ ನೋಡಿ. 2 ಅಂದರೆ ಒಳಗಿರುವುದು ಜೆನ್ 2, ಅಂದರೆ 2019ರ ವಿನ್ಯಾಸ. 7530ಯು ಆದರೆ ಜೆನ್ 3. ಒಂದೇ ಒಂದು ಅಂಕಿಯಲ್ಲಿ ಒಂದು ತಲೆಮಾರು ಬದಲಾಗುತ್ತದೆ.

ಆ 7520ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ತೊಂದರೆ ಇದೆ: ಕೆಲಸ ನಡೆಯುವಾಗ ಬೇಕಾಗುವ ಮೆಮೊರಿ, ಅಂದರೆ ರ‍್ಯಾಮ್ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇಲ್ಲೇ. ಮೊದಲ ವರ್ಷ 8 ಜಿಬಿ ಸಾಕಾಗುತ್ತದೆ. ಮೂರನೇ ವರ್ಷ ಪ್ರಾಜೆಕ್ಟ್ ಶುರುವಾದಾಗ ಹ್ಯಾಂಗ್ ಆಗತೊಡಗುತ್ತದೆ. ಸ್ಲಾಟ್ ಇದ್ದರೆ ಹಿಂದಿನ ಮುಚ್ಚಳ ಬಿಚ್ಚಿ ಇನ್ನೊಂದು ರ‍್ಯಾಮ್ ಹಾಕಿಕೊಡುತ್ತೇವೆ, ಸ್ವಲ್ಪ ಹೊತ್ತಿನ ಕೆಲಸ. ಬೆಸುಗೆ ಹಾಕಿದ್ದರೆ ಕೈಚೆಲ್ಲಬೇಕು. ಸಾಲ ಮಾಡಿ ಕೊಡಿಸಿದ ಅಪ್ಪನಿಗೆ "ಇದಕ್ಕೇನೂ ಮಾಡೋಕಾಗಲ್ಲ" ಅಂತ ಹೇಳುವುದು ತುಂಬಾ ಕಷ್ಟ.

ಅಂಗಡಿಯಲ್ಲೇ ಇದನ್ನು ಪತ್ತೆ ಮಾಡಬಹುದು. ಡಿಸ್‌ಪ್ಲೇಗೆ ಇಟ್ಟ ಲ್ಯಾಪ್‌ಟಾಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಕೆಳಗೆ 'ಫಾರ್ಮ್ ಫ್ಯಾಕ್ಟರ್' ಎದುರು 'ಎಸ್‌ಓಡಿಐಎಂಎಂ' ಇದ್ದರೆ ಸ್ಲಾಟ್ ಉಂಟು. 'ರೋ ಆಫ್ ಚಿಪ್ಸ್' ಇದ್ದರೆ ಬೆಸುಗೆ. ಆಗ ಮೊದಲೇ 16 ಜಿಬಿ ಇರುವುದನ್ನೇ ತಗೊಳ್ಳಿ. ಐ7ಗೆ ಸುರಿಯುವ ದುಡ್ಡನ್ನು ಇದಕ್ಕೆ ಹಾಕುವುದು ಮೇಲು.

ಹಿಂಜ್ (ಸ್ಕ್ರೀನ್ ತೆರೆದು ಮುಚ್ಚುವ ಕೀಲು) ಕೂಡ ನೋಡಿ. ಅಗ್ಗದ ಮಾಡೆಲ್‌ಗಳಲ್ಲಿ ಹಿಂಜ್‌ನ ಸ್ಕ್ರೂ ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಕೂರಿಸಿದ ಪುಟ್ಟ ಹಿತ್ತಾಳೆ ನಟ್. ಹಿಂಜ್ ಬಿಗಿಯಾಗಿ, ಸ್ಕ್ರೀನನ್ನು ದಿನಾ ಒಂದೇ ಮೂಲೆ ಹಿಡಿದು ಎಳೆಯುತ್ತಿದ್ದರೆ ಆ ನಟ್ ಕಿತ್ತು ಬರುತ್ತದೆ. ಮೊದಲು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು, ಆಮೇಲೆ ಕಟಕ್ ಅನ್ನುವ ಸದ್ದು. ಮಧ್ಯದಲ್ಲಿ ಹಿಡಿದು ತೆರೆಯುವ ಅಭ್ಯಾಸ ಮಾಡಿಸಿ.

ಮಂಡ್ಯದಿಂದ ಬೆಳಿಗ್ಗೆ ರೈಲಿನಲ್ಲಿ ನಿಂತುಕೊಂಡೇ ಮೈಸೂರಿಗೆ ಬರುವ ಮಕ್ಕಳಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಅದೇ ಎರಡು ಕೆಜಿಗೂ ಜಾಸ್ತಿ, ಮೇಲೆ ದಪ್ಪ ಚಾರ್ಜರ್. 14 ಇಂಚಿನ, ಒಂದೂವರೆ ಕೆಜಿ ಒಳಗಿನದು ಹೆಗಲಿಗೂ ಸುಖ.

ಬಜೆಟ್ ಕಮ್ಮಿ ಇದ್ದರೆ, ಕಂಪನಿಗಳಲ್ಲಿ ಬಳಸಿಬಿಟ್ಟ ಗಟ್ಟಿ ಬಾಡಿಯ ಸೆಕೆಂಡ್ ಹ್ಯಾಂಡ್ ಕೂಡ ಒಳ್ಳೆಯ ಆಯ್ಕೆಯೇ. ಆದರೆ ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಳೆಯ ಪ್ರೊಸೆಸರ್‌ಗಳು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ.

ಹೊಸದು ತಗೊಂಡರೆ ಬಿಲ್ ಜೋಪಾನ ಮಾಡಿ, ಫೋನಿನಲ್ಲೂ ಒಂದು ಫೋಟೋ ಇರಲಿ. ಸಾಮಾನ್ಯ ವಾರಂಟಿಯಲ್ಲಿ ಕಾಫಿ ಚೆಲ್ಲಿದ್ದು, ಸ್ಕ್ರೀನ್ ಒಡೆದದ್ದು ಬರುವುದಿಲ್ಲ. ಅದಕ್ಕೆ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಕವರ್ ಇರುತ್ತದೆ. ಹಾಸ್ಟೆಲ್‌ನಲ್ಲಿ ಇರುವವರಾದರೆ ಅದರ ರೇಟು ಎಷ್ಟು, ಎಷ್ಟು ದಿನದೊಳಗೆ ಮಾಡಿಸಬೇಕು ಅಂತ ಬಿಲ್ ಹಾಕಿಸುವಾಗಲೇ ಕೇಳಿ.