ಯೂರೋ ಹಾಕಿ ಲೀಗ್ ಅಂದರೆ ಡಚ್ಚರ (ಹಾಲೆಂಡಿನವರ) ಮನೆ ಸ್ವತ್ತಾ?

ಪ್ರಶ್ನೆ: 2018–19ರ ಯೂರೋ ಹಾಕಿ ಲೀಗ್ ಫೈನಲ್‌ನಲ್ಲಿ ಬೆಲ್ಜಿಯಂ ಜರ್ಮನಿಯನ್ನು ಸೋಲಿಸಿತು. ಹಾಲೆಂಡ್ ಯಾಕೆ ಆಡಲಿಲ್ಲ? ಪ್ರತಿ ಸಲ ಅವರೇ ಅಲ್ವಾ ಗೆಲ್ಲುವುದು?

ಮತ್ತೆ ಇದೇ ಪ್ರಶ್ನೆ! ಇರಲಿ, ಇನ್ನೊಂದು ಸಲ ಹೇಳುತ್ತೇನೆ. ಅಲ್ಲಿ ಆಡುವುದು ಯುರೋಪಿನ ಕ್ಲಬ್‌ಗಳು, ದೇಶಗಳಲ್ಲ. ಗೆದ್ದದ್ದು ಬ್ರಸೆಲ್ಸ್ ಪಕ್ಕದ ವಾಟರ್‌ಲೂ ಡಕ್ಸ್ (ಹೌದು, ನೆಪೋಲಿಯನ್ ಸೋತ ಅದೇ ವಾಟರ್‌ಲೂ), ಸೋತದ್ದು ಜರ್ಮನಿಯ ರಾಟ್‌ವೈಸ್ ಕೋಲ್ನ್, ಸ್ಕೋರ್ 4–0. ನಂಬಿಕೆ ಬರದಿದ್ದರೆ ಡಕ್ಸ್ ಗೋಲ್‌ಕೀಪರ್ ವಿನ್ಸೆಂಟ್ ವನಾಶ್‌ನನ್ನೇ ನೋಡಿ. 2018ರ ಡಿಸೆಂಬರ್‌ನಲ್ಲಿ ನಮ್ಮ ಭುವನೇಶ್ವರದಲ್ಲಿ ಹಾಲೆಂಡ್ ವಿರುದ್ಧ ಶೂಟೌಟ್‌ನಲ್ಲಿ ಗೋಡೆಯ ಹಾಗೆ ನಿಂತು ಬೆಲ್ಜಿಯಂಗೆ ವಿಶ್ವಕಪ್ ಗೆಲ್ಲಿಸಿದವನು. ಆ ಸೀಸನ್ ಮುಗಿದ ಮೇಲೆ ಅವನು ಸೇರಿದ್ದು ಯಾವ ಕ್ಲಬ್? ಅದೇ ಸೋತ ಕೋಲ್ನ್! ಆಡುವುದು ದೇಶಗಳಾಗಿದ್ದರೆ ಹೀಗೆ ಆಗುತ್ತಿತ್ತಾ?

ಇನ್ನು ಡಚ್ಚರೇ ಗೆಲ್ಲುತ್ತಾರೆ ಅನ್ನುವ ಮಾತು. ಎಷ್ಟು ಹೇಳಿದರೂ ಸಾಯುವುದಿಲ್ಲ ಇದು. ಲೀಗ್ ಶುರುವಾದದ್ದು 2007ರಲ್ಲಿ, ಮೊದಲ ಕಪ್ ಹೋದದ್ದೇ ಜರ್ಮನಿಯ ಉಎಚ್‌ಸಿ ಹ್ಯಾಂಬರ್ಗ್‌ಗೆ. ಅದೇ ಕ್ಲಬ್ 2010ರಲ್ಲಿ ಗೆದ್ದಿತು, 2012ರಲ್ಲಿ ಮತ್ತೆ ಗೆದ್ದಿತು. 2014ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ ಹಾರ್ವೆಸ್ಟೆಹೂಡರ್, 2017ರಲ್ಲಿ ಕೋಲ್ನ್. 2019ರವರೆಗಿನ 12 ಸೀಸನ್ ಲೆಕ್ಕ ಹಾಕಿ: ಡಚ್ಚರಿಗೆ ಆರು, ಜರ್ಮನರಿಗೆ ಐದು, ಬೆಲ್ಜಿಯಂಗೆ ಒಂದು. ಆ ಒಂದೇ ವಾಟರ್‌ಲೂ ಗೆದ್ದದ್ದು, ಅದೂ ಹಾಲೆಂಡಿನ ಐಂಡ್‌ಹೋವನ್‌ನಲ್ಲೇ, ಫೈನಲ್‌ಗೆ ಒಂದು ಡಚ್ ಕ್ಲಬ್ಬೂ ಬಾರದೆ. ಆರಕ್ಕೆ ಐದು ಅನ್ನುವುದು ಏಕಚಕ್ರಾಧಿಪತ್ಯವೇ? ಲೀಗ್‌ಗೂ ಮೊದಲಿದ್ದ ಯುರೋಪಿಯನ್ ಕಪ್‌ನಲ್ಲಂತೂ ಜರ್ಮನಿಯ ಉಲೆನ್‌ಹೋರ್ಸ್ಟ್ ಮ್ಯೂಲ್‌ಹೈಮ್ 1988ರಿಂದ 1996ರವರೆಗೆ ಸತತ ಒಂಬತ್ತು ಸಲ ಗೆದ್ದಿತ್ತು. ಆಗ ಜರ್ಮನರೇ ಗೆಲ್ಲುತ್ತಾರೆ ಅಂತ ಯಾರೂ ಗೊಣಗಲಿಲ್ಲವಾ? ಈಗ ಹಾಲೆಂಡಿನ ಬ್ಲೂಮೆಂಡಾಲ್ 2021, 2022, 2023 ಮೂರೂ ವರ್ಷ ಗೆದ್ದಿತಲ್ಲ, ಜನ ಅದನ್ನೇ ನೋಡಿ ಹಿಂದಿನದನ್ನೆಲ್ಲ ಮರೆತುಬಿಟ್ಟಿದ್ದಾರೆ.

ಯಾರೂ ಕೇಳದಿದ್ದರೂ ಒಂದು ಮಾತು. ಈ ಲೀಗ್‌ನಲ್ಲಿ ಕಪ್ ಯಾರು ಎತ್ತಿದರು ಅನ್ನುವುದಕ್ಕಿಂತ ನನಗೆ ಜಾಸ್ತಿ ಇಷ್ಟ ಅದರ ನಿಯಮಗಳು. ಫ್ರೀ ಹಿಟ್ (ಎದುರಾಳಿ ತಪ್ಪು ಮಾಡಿದಾಗ ಸಿಗುವ ಹೊಡೆತ) ಸಿಕ್ಕಿದವನು ಜೊತೆಗಾರನಿಗೆ ಪಾಸ್ ಕೊಡದೆ, ತಾನೇ ಚೆಂಡನ್ನು ಎಳೆದುಕೊಂಡು ಓಡುವುದನ್ನು ಇವತ್ತು ಶಾಲೆ ಮಕ್ಕಳೂ ಮಾಡುತ್ತಾರೆ. ಆ ಸೆಲ್ಫ್ ಪಾಸನ್ನು ಈ ಲೀಗ್ ಮೊದಲ ಸೀಸನ್‌ನಲ್ಲೇ ಆಡಿಸಿ ನೋಡಿತು, 2009ರಲ್ಲಿ ಅದು ಎಲ್ಲರ ನಿಯಮವಾಯಿತು. ಪಂದ್ಯವನ್ನು ಎರಡು ಅರ್ಧಗಳ ಬದಲು ಹದಿನೇಳೂವರೆ ನಿಮಿಷದ ನಾಲ್ಕು ಕ್ವಾರ್ಟರ್ ಮಾಡಿ ಆಡುವುದೂ ಅಲ್ಲಿ ಮೊದಲಿಂದಲೇ ಇತ್ತು. ನಮ್ಮ ಹಾಕಿ ಇಂಡಿಯಾ ಲೀಗ್‌ನವರು 2013ರಲ್ಲಿ ಅದನ್ನು ಹೊಸತು ಅಂತ ನೋಡಿದರು. ಅಂತರರಾಷ್ಟ್ರೀಯ ಫೆಡರೇಷನ್ ಕ್ವಾರ್ಟರ್ ತಂದದ್ದು 2014ರಲ್ಲಿ, ಅದೂ ತಲಾ 15 ನಿಮಿಷಕ್ಕೆ ಇಳಿಸಿ.